ಚಳಿಗೆ ಕೆಂಡ, ಕರೆಂಟಿಗೆ ಜನರೇಟರ್: ಯಾತ್ರೆಯ ವಾಹನದಲ್ಲಿ ಮಲಗುವ ಮುನ್ನ

ಮಕರ ಸಂಕ್ರಾಂತಿ ಹತ್ತಿರವಾದಂತೆ ಕೋಲ್ಕತ್ತದ ಬಾಬುಘಾಟ್‌ನಲ್ಲಿ ಯಾತ್ರಿಕರ ಶಿಬಿರ ತುಂಬುತ್ತದೆ. ಇಲ್ಲಿ ತಂಗಿದವರು ಸುಮಾರು 100 ಕಿ.ಮೀ. ದೂರದ ಗಂಗಾಸಾಗರಕ್ಕೆ ಹೊರಡುತ್ತಾರೆ. ಕಾಶಿ, ಗಯಾ ಮುಗಿಸಿ ಬಾಡಿಗೆ ಬಸ್‌ನಲ್ಲಿ ಬರುವ ನಮ್ಮ ಕಡೆಯ ಹಿರಿಯರೂ ಅವರಲ್ಲಿರುತ್ತಾರೆ. ಜನವರಿ ರಾತ್ರಿಯ ಉಷ್ಣಾಂಶ 13–14 ಡಿಗ್ರಿಗೆ ಇಳಿಯುತ್ತದೆ, ಜೊತೆಗೆ ಹೂಗ್ಲಿ ನದಿಯ ಗಾಳಿ. ಟೆಂಟ್ ಅಥವಾ ವಾಹನದ ಬಾಗಿಲು ಮುಚ್ಚಿ ಒಳಗೆ ಕೆಂಡ ಇಟ್ಟುಕೊಳ್ಳೋಣ ಎನಿಸುವುದು ಸಹಜ. ನಿಜವಾದ ಅಪಾಯ ಇರುವುದು ಅಲ್ಲೇ.

ಏನಾಗುತ್ತದೆ?

ಇದ್ದಿಲು, ಸೌದೆ, ಗ್ಯಾಸ್, ಪೆಟ್ರೋಲ್, ಡೀಸೆಲ್ ಸರಿಯಾಗಿ ಉರಿಯದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದು ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಮಲಗಿದವರು ಎಚ್ಚರವಾಗದೆಯೇ ಪ್ರಜ್ಞೆ ತಪ್ಪಬಹುದು.

2025ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಚಳಿಗೆಂದು ಕೋಣೆಯೊಳಗೆ ಇದ್ದಿಲು ಹೊತ್ತಿಸಿ ಮಲಗಿದ ಮೂವರು ಯುವಕರು ಸತ್ತರು. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಶವವಾಗಿ ಸಿಕ್ಕರು. ಜನರೇಟರ್‌ನ ಹೊಗೆ ಒಳಗೆ ನುಗ್ಗಿದ್ದೇ ಕಾರಣವೆಂದು ತಜ್ಞರ ಪರಿಶೀಲನೆಯಲ್ಲಿ ತಿಳಿಯಿತು. ಒಂದು ಕಡೆ ಬೆಚ್ಚಗಿರಲು ಹೊತ್ತಿಸಿದ್ದು, ಇನ್ನೊಂದು ಕಡೆ ಕರೆಂಟಿಗಾಗಿ ಓಡಿಸಿದ್ದು. ಕೊಂದದ್ದು ಒಂದೇ ಅನಿಲ.

ಯಾರಿಗೆ ಹೆಚ್ಚು ಅಪಾಯ?

ಹೃದ್ರೋಗಿಗಳು, ಶ್ವಾಸಕೋಶದ ಕಾಯಿಲೆ ಅಥವಾ ರಕ್ತಹೀನತೆ ಇರುವವರು, ಗರ್ಭಿಣಿಯರು, ಮಕ್ಕಳು ಮತ್ತು ವೃದ್ಧರಿಗೆ. ನಿದ್ರೆ ಮಾತ್ರೆ ಅಥವಾ ಮದ್ಯ ಸೇವಿಸಿದವರಿಗೆ ಎಚ್ಚರವಾಗುವುದು ಇನ್ನೂ ಕಷ್ಟ.

ಆಕ್ಸಿಮೀಟರ್ ನಂಬಬಹುದೇ?

ಇಲ್ಲ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ಈ ಅನಿಲ ಅಂಟಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದೆ. ವಿಷವೇರಿದ ವ್ಯಕ್ತಿಗೂ 98 ತೋರಿಸಬಹುದು. ಲಕ್ಷಣಗಳನ್ನು ನಂಬಿ: ತಲೆನೋವು, ತಲೆಸುತ್ತು, ವಾಕರಿಕೆ, ಮಂಕು. ಒಟ್ಟಿಗಿರುವ ಹಲವರಿಗೆ ಒಮ್ಮೆಲೇ ಹೀಗಾದರೆ, ಹೊರಗೆ ಬಂದಾಗ ಹಗುರವೆನಿಸಿದರೆ, ಅನುಮಾನವೇ ಬೇಡ.

ಹಾಗಾದರೆ ಬೆಚ್ಚಗಿರುವುದು ಹೇಗೆ?

• ಕೆಂಡ, ಗ್ಯಾಸ್ ಒಲೆ, ಗ್ಯಾಸ್ ಹೀಟರ್ ಮಲಗುವ ಜಾಗದೊಳಗೆ ಬೇಡ. ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಲದು. ಬೂದಿ ಮುಚ್ಚಿದ ಕೆಂಡವೂ ಅನಿಲ ಬಿಡುತ್ತಿರುತ್ತದೆ.
• ಪದರ ಪದರವಾಗಿ ಬಟ್ಟೆ, ಟೋಪಿ, ಕಾಲುಚೀಲ, ನೆಲದ ತಂಪು ತಡೆಯಲು ದಪ್ಪ ಹಾಸು ಬಳಸಿ. ಮಧುಮೇಹದಿಂದ ಪಾದ ಜೋಮು ಹಿಡಿದಿರುವವರಿಗೆ ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ತಿಳಿಯುವುದಿಲ್ಲ.
• ಆಕ್ಸಿಜನ್ ಬಳಸುವವರ ಹತ್ತಿರ ಬೀಡಿ, ದೀಪ, ಯಾವ ಬೆಂಕಿಯೂ ಇರಬಾರದು.

ಸಿಪ್ಯಾಪ್, ಕಾನ್ಸೆಂಟ್ರೇಟರ್‌ಗೆ ವಿದ್ಯುತ್?

ರಾತ್ರಿಯೆಲ್ಲ ಯಂತ್ರ ಬೇಕಿದ್ದವರು ವಿದ್ಯುತ್ ಖಚಿತವಿರುವ ವಸತಿಗೃಹವನ್ನೇ ಆರಿಸುವುದು ಒಳ್ಳೆಯದು. ಐದು ಲೀಟರ್‌ನ ಕಾನ್ಸೆಂಟ್ರೇಟರ್ ಸಾಮಾನ್ಯವಾಗಿ 300 ವ್ಯಾಟ್‌ಗೂ ಹೆಚ್ಚು ಎಳೆಯುತ್ತದೆ. ಸಣ್ಣ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಬ್ಯಾಟರಿ ಎಷ್ಟು ಗಂಟೆ ಬರುತ್ತದೆಂದು ಮನೆಯಲ್ಲೇ ಓಡಿಸಿ ನೋಡಿ. ಜನರೇಟರ್ ಅನಿವಾರ್ಯವಾದರೆ ವಾಹನದಿಂದ ಕನಿಷ್ಠ 20 ಅಡಿ ದೂರ, ಹೊಗೆಕೊಳವೆ ಮಲಗಿದವರ ಕಡೆ ತಿರುಗದಂತಿಡಿ. ನಿಂತ ವಾಹನದ ಎಂಜಿನ್ ಚಾಲೂ ಇಟ್ಟು ಮಲಗಬೇಡಿ. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಜೊತೆಗಿರಲಿ.

ಅನುಮಾನ ಬಂದರೆ?

ಎಲ್ಲರನ್ನೂ ತಕ್ಷಣ ಹೊರಗೆ ಕರೆತನ್ನಿ, 112ಕ್ಕೆ ಕರೆ ಮಾಡಿ. ಹುಷಾರಾದರೆಂದು ಮತ್ತೆ ಮಲಗಿಸಬೇಡಿ. ಸಾಮಾನ್ಯ ಗಾಳಿಯಲ್ಲಿ ರಕ್ತದೊಳಗಿನ ಈ ಅನಿಲ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯ ಶುದ್ಧ ಆಮ್ಲಜನಕದಲ್ಲಿ ಸುಮಾರು ಒಂದರಿಂದ ಒಂದೂವರೆ ಗಂಟೆ. ಒಳಗೆ ಕೆಂಡವಿತ್ತು ಅಥವಾ ಜನರೇಟರ್ ಓಡುತ್ತಿತ್ತು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಸರಿಯಾದ ರಕ್ತಪರೀಕ್ಷೆಗೆ ಆ ಒಂದು ಮಾತೇ ದಾರಿ.