ಅಕ್ಕ ಪಂಚಮಿಗೆ ಬರಬೇಕಾದರೆ

ಮಗುವಿಗೆ ಜ್ವರ ಬಂದರೆ ಓಣಿಯವರೆಲ್ಲ ಬಂದು ಮಾತಾಡಿಸಿ ಹೋಗುತ್ತಾರೆ. ಅದೇ ಮಗುವಿಗೆ ಶೇಂಗಾ ಆಗುವುದಿಲ್ಲ ಎಂದರೆ ನಗುತ್ತಾರೆ. ‘ಶೇಂಗಾ ತಿನ್ನದ ನಮ್ಮ ಕಡೆ ಬದುಕೋದು ಹ್ಯಾಂಗ?’ ಎನ್ನುವ ಮಾತಿನಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೆ ಆ ಪ್ರಶ್ನೆಗೆ ದಿನಕ್ಕೆ ಮೂರು ಹೊತ್ತು ಉತ್ತರ ಹುಡುಕುವ ತಾಯಿಯೊಬ್ಬಳು ಎದುರಿಗೇ ನಿಂತಿದ್ದಾಳೆ ಎಂಬುದು ನಗುವವರಿಗೆ ಹೊಳೆಯುವುದಿಲ್ಲ. ಅಲರ್ಜಿ ಇರುವುದು ಮಗುವಿಗೆ, ಹಗಲು ರಾತ್ರಿ ಕಾವಲು ಕಾಯುವ ದಣಿವು ತಂದೆ ತಾಯಿಗೆ. ಆ ದಣಿವಿನ ಬಗ್ಗೆ ನಾವು ಮಾತಾಡುವುದೇ ಇಲ್ಲ.

ನನ್ನ ಅಕ್ಕನ ಮಗನಿಗೆ ಈಗ ಆರು ವರ್ಷ. ಶೇಂಗಾ ಹೊಟ್ಟೆಗೆ ಹೋದರೆ ತುಟಿ ಊದುತ್ತದೆ, ಮೈತುಂಬ ಗಂಧೆ ಏಳುತ್ತವೆ, ಉಸಿರು ಸಿಕ್ಕಿಕೊಳ್ಳುತ್ತದೆ. ಒಮ್ಮೆಯಂತೂ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆಯೇ ಉಸಿರು ಹಾದಿಗೆ ಬಂದದ್ದು. ಉತ್ತರ ಕರ್ನಾಟಕದ ಅಡುಗೆ ಬಲ್ಲವರಿಗೆ ಅಕ್ಕನ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ರೊಟ್ಟಿಯ ಜೊತೆಗಿನ ಹಿಂಡಿ, ಎಣಗಾಯಿಯ ಮಸಾಲೆ, ಒಗ್ಗರಣೆ ಅವಲಕ್ಕಿ, ಹಬ್ಬದ ಹೋಳಿಗೆ, ಎಲ್ಲದರಲ್ಲೂ ಅದು ಇದೆ. ಕಾಳು ಕಂಡರೆ ತಟ್ಟೆಯನ್ನೇ ದೂರ ಸರಿಸಬಹುದು. ಪುಡಿಯಾಗಿ ಪಲ್ಯದಲ್ಲಿ ಬೆರೆತದ್ದು ಕಣ್ಣಿಗೆ ಬೀಳುವುದಿಲ್ಲ. ಈಚೆಗೆ ಗಾಣದ ಎಣ್ಣೆಯ ಹುಚ್ಚು ಬೇರೆ. ಚೆನ್ನಾಗಿ ಶುದ್ಧೀಕರಿಸಿದ ಶೇಂಗಾ ಎಣ್ಣೆಯಲ್ಲಿ ಅಲರ್ಜಿ ತರುವ ಪ್ರೋಟೀನ್ ಬಹುತೇಕ ಉಳಿದಿರುವುದಿಲ್ಲ, ಗಾಣದ್ದರಲ್ಲಿ ಉಳಿದಿರಬಹುದು. ‘ಆರೋಗ್ಯಕ್ಕ ಛಲೋ’ ಎಂದು ನೆಂಟರು ಪ್ರೀತಿಯಿಂದ ಕೊಡುವ ಡಬ್ಬಿಯನ್ನು ಅಕ್ಕ ಬೇಡವೆನ್ನಬೇಕು, ಬೇಡವೆಂದದ್ದಕ್ಕೆ ಮುನಿಸನ್ನೂ ಸಹಿಸಬೇಕು.

ನಾಗರ ಪಂಚಮಿಗೆ ನಮ್ಮ ಕಡೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಕರೆಯಲು ಹೋಗುವುದು ತಮ್ಮನಾದ ನನ್ನ ಕೆಲಸ. ಮೂರು ವರ್ಷದಿಂದ ಹುಬ್ಬಳ್ಳಿಗೆ ಹೋಗಿ ಒಬ್ಬನೇ ವಾಪಸ್ ಬರುತ್ತಿದ್ದೇನೆ. ಪಂಚಮಿ ಎಂದರೆ ಉಂಡಿ. ಡಬ್ಬಿಗಟ್ಟಲೆ ಶೇಂಗಾ ಉಂಡಿ ಕಟ್ಟಿ ಮನೆಯಿಂದ ಮನೆಗೆ ಹಂಚುತ್ತಾರೆ. ಜೋಕಾಲಿ ಹತ್ತಿರ ನಿಂತ ಪ್ರತಿ ಮಗುವಿನ ಕೈಯಲ್ಲೂ ಒಂದೊಂದು ಇರುತ್ತದೆ. ‘ಅಲ್ಲಿ ಬಂದು ನಾ ಹಬ್ಬಾ ಮಾಡ್ಲ್ಯೊ, ಇವನ ಬೆನ್ನ ಹಿಂದ ತಿರಗ್ಲ್ಯೊ?’ ಎಂದು ಅಕ್ಕ ಕಳೆದ ವರ್ಷ ಕೇಳಿದಳು. ಊರಲ್ಲಿ ಹಿರಿಯರು ಅದಕ್ಕೆ ಸೊಕ್ಕು ಎಂದರು. ಸೊಕ್ಕಲ್ಲ, ಲೆಕ್ಕ. ನಮ್ಮ ಊರಿನಿಂದ ದೊಡ್ಡ ಆಸ್ಪತ್ರೆಗೆ ಎಷ್ಟು ನಿಮಿಷ, ಹಬ್ಬದ ದಿನ ಗಾಡಿ ಸಿಗುತ್ತದೋ ಇಲ್ಲವೋ ಎಂಬ ಲೆಕ್ಕ. ಇಂಥ ತುರ್ತಿನಲ್ಲಿ ಜೀವ ಉಳಿಸುವುದು ಅಡ್ರಿನಲಿನ್ ಚುಚ್ಚುಮದ್ದು. ಎಷ್ಟೋ ದೇಶಗಳಲ್ಲಿ ಅದು ಪೆನ್ನಿನಂಥ ಸಾಧನದಲ್ಲಿ ಸಿಗುತ್ತದೆ, ತಾಯಿಯೇ ಮಗುವಿನ ತೊಡೆಗೆ ಒತ್ತಬಹುದು. ನಮ್ಮ ಔಷಧದ ಅಂಗಡಿಗಳಲ್ಲಿ ಅದು ಸುಲಭವಾಗಿ ಸಿಗುವಂಥದ್ದಲ್ಲ.

ದಣಿವಿಗಿಂತ ಕೆಟ್ಟದ್ದು ಆರೋಪ. ‘ಬಸರಿದ್ದಾಗ ಏನ್ ತಿಂದಿದ್ದಿ?’ ಎಂದು ಒಬ್ಬರು, ‘ಸಣ್ಣವಿದ್ದಾಗ ತಿನ್ನಿಸಿದ್ರ ರೂಢಿ ಆಕ್ಕಿತ್ತು’ ಎಂದು ಇನ್ನೊಬ್ಬರು. ಎರಡನೆಯ ಮಾತಿನಲ್ಲಿ ಅರ್ಧ ಸತ್ಯ ಇರುವುದರಿಂದಲೇ ಅದು ಹೆಚ್ಚು ಚುಚ್ಚುತ್ತದೆ. ಅಪಾಯ ಹೆಚ್ಚಿರುವ ಮಕ್ಕಳಿಗೆ 3 ವರ್ಷದವರೆಗೆ ಶೇಂಗಾ ಕೊಡಬೇಡಿ ಎಂದು 2000ದಲ್ಲಿ ಹೇಳಿದ್ದವರು ಅಮೆರಿಕದ ಮಕ್ಕಳ ತಜ್ಞರೇ. 2008ರಲ್ಲಿ ಅವರೇ ಆ ಸಲಹೆ ಕೈಬಿಟ್ಟರು. 2015ರಲ್ಲಿ ಲಂಡನ್ನಿನ ಸಂಶೋಧಕರು 640 ಕೂಸುಗಳ ಅಧ್ಯಯನ ಪ್ರಕಟಿಸಿ, ಬೇಗ ತಿನ್ನಿಸಿದರೆ ಅಲರ್ಜಿ ಬಹಳ ಕಡಿಮೆಯಾಗುತ್ತದೆ ಎಂದು ತೋರಿಸಿದರು. ಹಾಗೆ ತಿಂದವರಲ್ಲೂ ಕೆಲವರಿಗೆ ಅಲರ್ಜಿ ಬಂದೇ ಬಂತು. ಡಾಕ್ಟರರೇ ಮಾತು ಬದಲಿಸಿದ ವಿಷಯದಲ್ಲಿ ಹಳ್ಳಿಯಿಂದ ಬಂದ ತಾಯಿಯನ್ನು ಕಟಕಟೆಗೆ ಏರಿಸುವುದು ಯಾವ ನ್ಯಾಯ? ಅಲರ್ಜಿ ಇದೆಯೆಂದು ಗೊತ್ತಾದ ಮೇಲೆ ‘ರೂಢಿ ಮಾಡಸ್ತೀನಿ’ ಎಂದು ಮನೆಯಲ್ಲಿ ತಿನ್ನಿಸಲು ಹೋಗುವುದಂತೂ ಪ್ರಾಣಾಪಾಯ. ಹಟ ಹಿಡಿಯುವ ಅಜ್ಜಿಯರಿಗೆ ಇದನ್ನು ಸಮಾಧಾನದಿಂದ ಹೇಳಬೇಕಾದವರು ಮೊಮ್ಮಕ್ಕಳಾದ ನಾವು. ಸೊಸೆ ಹೇಳಿದರೆ ಅದು ಜಗಳವಾಗುತ್ತದೆ.

ಇಂಥ ಮನೆಗಳಿಗೆ ‘ಹೆದರಬ್ಯಾಡ್ರಿ’ ಎಂಬ ಸಮಾಧಾನದಿಂದ ಏನೂ ಆಗುವುದಿಲ್ಲ. ಬೇಕಾದದ್ದು ವಿಷಯ ಗೊತ್ತಿರುವ ಇನ್ನೊಬ್ಬರು. ನಾನು ಕಲಿತದ್ದು ಒಂದು ಸಂಜೆಯಲ್ಲಿ ಕಲಿಯುವಷ್ಟೇ. ಗಂಧೆಯ ಜೊತೆಗೆ ವಾಂತಿ, ಕೆಮ್ಮು, ಧ್ವನಿ ಒಡೆಯುವುದು, ಉಸಿರಾಟದ ತೊಂದರೆ ಕಂಡರೆ ಅದು ಪಿತ್ತವಲ್ಲ, ದೃಷ್ಟಿಯೂ ಅಲ್ಲ. ಅಲರ್ಜಿ ಮಾತ್ರೆ ನುಂಗಿಸಿ ಕಾಯುತ್ತ ಕೂರಬಾರದು, ಕೂಡಲೇ 108ಕ್ಕೆ ಫೋನ್ ಮಾಡಬೇಕು ಅಥವಾ ಇದ್ದ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಬೇಕು. ಮಗುವನ್ನು ನಡೆಸಬಾರದು. ಇಷ್ಟು ಕಲಿತ ಮೇಲೆ ಭಾನುವಾರ ಧಾರವಾಡದಿಂದ ಹೋಗಿ ಹುಡುಗನ ಜೊತೆ ಕೂರುತ್ತೇನೆ. ಮೊದಲ ಸಲ ಬಜಾರಿಗೆ ಹೋದ ಅಕ್ಕ ಒಂದು ತಾಸಿನಲ್ಲಿ ಐದು ಸಲ ಫೋನ್ ಮಾಡಿದಳು. ಈಗ ಒಂದೇ ಸಲ, ಅದೂ ‘ಕಾಯಿಪಲ್ಯೆ ಏನ್ ತರ್ಲಿ?’ ಎಂದು. ಭಾವನನ್ನು ಯಾರೂ ಕೇಳುವುದಿಲ್ಲ. ಆಫೀಸಿನಲ್ಲಿ ಚುರುಮುರಿ ತಿಂದ ದಿನ ಮನೆಗೆ ಬಂದು, ಕೈ ಬಾಯಿ ಸೋಪಿನಲ್ಲಿ ತೊಳೆದೇ ಮಗನನ್ನು ಎತ್ತಿಕೊಳ್ಳುವ ಗಂಡಸು ಆತ.

ಸರ್ಕಾರ ಮಾಡಬೇಕಾದದ್ದೂ ಇದೆ. ಶೇಂಗಾ, ಹಾಲು, ಮೊಟ್ಟೆ, ಸೋಯಾ, ಮೀನು ಮುಂತಾದವು ಇದ್ದರೆ ಪೊಟ್ಟಣದ ಮೇಲೆ ಬರೆಯಲೇಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಆದರೆ ಆ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು, ಕನ್ನಡ ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. ಏಳನೇ ಇಯತ್ತೆವರೆಗೆ ಕನ್ನಡದಲ್ಲಿ ಕಲಿತ ಅಕ್ಕ ಬಿಸ್ಕತ್ತಿನ ಪೊಟ್ಟಣದ ಸಣ್ಣ ಅಕ್ಷರಗಳಲ್ಲಿ ‘ಪೀನಟ್’ ಎಂಬ ಪದದ ಆಕಾರವನ್ನು ಹುಡುಕುತ್ತಾಳೆ. ಕನ್ನಡ ನಾಮಫಲಕಕ್ಕಾಗಿ ಬೀದಿಗಿಳಿಯುವ ನಾವು ಈ ಎರಡು ಸಾಲಿಗಾಗಿಯೂ ಕೇಳಬೇಡವೇ? ಬರೆಯುವಾಗ ಶೇಂಗಾ ಎಂದೂ ಕಡಲೆಕಾಯಿ ಎಂದೂ ಎರಡನ್ನೂ ಬರೆಯಲಿ. ನಮ್ಮ ಕಡೆ ಕಡ್ಲಿ ಎಂದರೆ ಬೇರೆಯದೇ ಕಾಳು.

ಈ ವರ್ಷ ಶೇಂಗಾ ಉಂಡಿ ಕಟ್ಟುವುದಿಲ್ಲ, ರವೆ ಉಂಡಿ, ಬೇಸನ್ ಉಂಡಿ ಮಾಡುತ್ತೇನೆ ಎಂದು ಅವ್ವ ಒಪ್ಪಿದ್ದಾಳೆ. ಬೇರೆ ಮನೆಗಳಿಂದ ಬರುವ ಡಬ್ಬಿಗಳನ್ನು ಬಾಗಿಲಲ್ಲೇ ಇಸಿದುಕೊಂಡು ಕಾಕಾನ ಮನೆಗೆ ಸಾಗಿಸುವ ಕೆಲಸ ನನ್ನದು. ಜೋಕಾಲಿ ಹತ್ತಿರ ಹುಡುಗನ ಜೊತೆ ಯಾರು ನಿಲ್ಲಬೇಕು ಎಂಬುದಕ್ಕೆ ಇಬ್ಬರು ತಂಗಿಯರು ಪಾಳಿ ಹಾಕಿಕೊಂಡಿದ್ದಾರೆ. ಅಕ್ಕ ಇನ್ನೂ ಹೂಂ ಎಂದಿಲ್ಲ. ಪಾಳಿಯ ಚೀಟಿಯನ್ನು ಫೋನಿನಲ್ಲಿ ಕಳಿಸು, ನೋಡುತ್ತೇನೆ ಎಂದಿದ್ದಾಳೆ.