ಮೊಬೈಲಿಗೆ ದಾರಿ ಗೊತ್ತಿಲ್ಲ!

ಅಮೆರಿಕದಲ್ಲಿರುವ ಅಣ್ಣನಿಗೆ ಮೊಬೈಲಿನಿಂದ ಒಂದು ಫೋಟೊ ಕಳಿಸುತ್ತೀರಿ. ಅದು ಯಾವ ಊರು, ಯಾವ ಸಮುದ್ರ ದಾಟಿ ಹೋಯಿತು? ನಿಮಗೆ ಗೊತ್ತಿಲ್ಲ, ಸರಿ. ಮೊಬೈಲಿಗಾದರೂ ಗೊತ್ತೆ? ಅದಕ್ಕೂ ಗೊತ್ತಿಲ್ಲ.

ಅದು ಮಾಡುವುದಿಷ್ಟೆ: ಫೋಟೊವನ್ನು ಚಿಕ್ಕಚಿಕ್ಕ ಪೊಟ್ಟಣಗಳಾಗಿ ಒಡೆದು, ಪ್ರತಿಯೊಂದರ ಮೇಲೂ ಅಂಕಿಗಳ ವಿಳಾಸ ಬರೆದು, ಜಾಲದ ಮೊದಲ ರೂಟರಿಗೆ ಒಪ್ಪಿಸುತ್ತದೆ. ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದವರು ಅದು ಯಾವ ರೈಲು ಹತ್ತಿತೆಂದು ವಿಚಾರಿಸುವುದಿಲ್ಲವಲ್ಲ, ಹಾಗೆ. ತಮಾಷೆಯೆಂದರೆ ರೂಟರಿಗೂ ಪೂರ್ತಿ ದಾರಿ ಗೊತ್ತಿರುವುದಿಲ್ಲ. 'ಈ ವಿಳಾಸವಾದರೆ ಆ ಕಡೆಗೆ' ಎಂಬ ಒಂದು ಪಟ್ಟಿ ಅದರ ಬಳಿ ಇರುತ್ತದೆ. ಅದನ್ನು ನೋಡಿ ಮುಂದಿನ ರೂಟರಿಗೆ ದಾಟಿಸುತ್ತದೆ.

ದೊಡ್ಡ ಜಾಲಗಳ ನಡುವೆ ಈ ಪಟ್ಟಿ ಸಿದ್ಧವಾಗುವುದು ಡಂಗುರದಿಂದ. 'ಈ ವಿಳಾಸಗಳು ನಮ್ಮಲ್ಲಿವೆ, ಇತ್ತ ಕಳಿಸಿ' ಎಂದು ಒಂದು ಜಾಲ ನೆರೆಯ ಜಾಲಕ್ಕೆ ಸಾರುತ್ತದೆ. ಅದು ತನ್ನ ನೆರೆಯದಕ್ಕೆ. ಈ ಡಂಗುರದ ನಿಯಮಾವಳಿಗೆ ಬಿಜಿಪಿ ಎಂದು ಹೆಸರು.

ಡಂಗುರವೇ ನಿಂತುಹೋದರೆ? 2021ರ ಅಕ್ಟೋಬರ್ 4ರಂದು ಹಾಗೇ ಆಯಿತು. ಫೇಸ್‌ಬುಕ್ ಕಂಪೆನಿಯಲ್ಲಿ ನಿರ್ವಹಣೆಯ ಕೆಲಸದ ವೇಳೆ ಕೊಟ್ಟ ಒಂದು ಆದೇಶ, ಅದರ ದತ್ತಾಂಶ ಕೇಂದ್ರಗಳ ನಡುವಿನ ಸಂಪರ್ಕವನ್ನೇ ಕಡಿದುಹಾಕಿತು. ಹೆಸರು ಕೇಳಿ ಅಂಕಿಯ ವಿಳಾಸ ಹೇಳುವ ಡಿಎನ್‌ಎಸ್ ಎಂಬ ಕಂಪ್ಯೂಟರುಗಳಿವೆಯಲ್ಲ, ಫೇಸ್‌ಬುಕ್‌ನ ಅಂಥ ಕಂಪ್ಯೂಟರುಗಳು 'ನಮ್ಮ ಸಂಪರ್ಕ ಸರಿಯಿಲ್ಲ' ಎಂದು ತಿಳಿದು ತಮ್ಮ ಡಂಗುರವನ್ನು ತಾವೇ ಹಿಂತೆಗೆದುಕೊಂಡವು. ನಮ್ಮಲ್ಲಿ ಆಗ ರಾತ್ರಿ ಒಂಬತ್ತು ದಾಟಿತ್ತು. ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಕಾಲ ಜಗತ್ತಿಗೇ ಕಾಣದಾದವು.

ನಮ್ಮ ಮೊಬೈಲುಗಳು ಆಗ ಏನು ಮಾಡಿದವು ಗೊತ್ತೆ? ವಿಳಾಸ ಎಲ್ಲಿ, ವಿಳಾಸ ಎಲ್ಲಿ ಎಂದು ಮತ್ತೆ ಮತ್ತೆ ಕೇಳತೊಡಗಿದವು. ಜನರೂ ಆ್ಯಪ್ ಮುಚ್ಚಿ ತೆರೆದು, ತೆರೆದು ಮುಚ್ಚಿ ಅದಕ್ಕೆ ಕೈಜೋಡಿಸಿದರು. ವಿಳಾಸ ಹುಡುಕಿಕೊಡುವ ಕಂಪ್ಯೂಟರುಗಳ ಮೇಲೆ ಮಾಮೂಲಿಗಿಂತ 30 ಪಟ್ಟು ಪ್ರಶ್ನೆಗಳು ಬಿದ್ದವೆಂದು ಕ್ಲೌಡ್‌ಫ್ಲೇರ್ ಸಂಸ್ಥೆ ಲೆಕ್ಕ ಕೊಟ್ಟಿತು. ತಪ್ಪು ಒಂದು ಕಡೆ, ಭಾರ ಇನ್ನೊಂದು ಕಡೆ!

ಇದು ಹಳೆಯ ಕಾಯಿಲೆ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಜಾಲದ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ ಬರೇ 40 ಬಿಟ್‌ಗೆ ಕುಸಿಯಿತು. ಎರಡರ ನಡುವಿನ ಅಂತರ ಕೇವಲ 400 ಗಜ. ಚೀಟಿ ಹಿಡಿದು ನಡೆದುಹೋಗಿದ್ದರೇ ಬೇಗ ತಲುಪುತ್ತಿತ್ತು! ಕಾರಣ ಹುಡುಕಿದವರು ವ್ಯಾನ್ ಜೇಕಬ್‌ಸನ್ ಮತ್ತು ಮೈಕೆಲ್ ಕ್ಯಾರಲ್ಸ್. ದಟ್ಟಣೆಯಲ್ಲಿ ರೂಟರ್ ಕೆಲವು ಪೊಟ್ಟಣಗಳನ್ನು ಬಿಸಾಡುತ್ತದೆ. ಉತ್ತರ ಬಾರದ ಕಂಪ್ಯೂಟರ್ ಅದನ್ನೇ ಮತ್ತೆ ಕಳಿಸುತ್ತದೆ. ದಟ್ಟಣೆ ಇನ್ನಷ್ಟು ಹೆಚ್ಚುತ್ತದೆ.

ಅವರು ಹೇಳಿದ ಮದ್ದು ಸರಳ. ಉತ್ತರ ಬಾರದಿದ್ದರೆ ಕಾಯುವ ಹೊತ್ತನ್ನು ಇಮ್ಮಡಿ ಮಾಡು: ಒಂದು ಸೆಕೆಂಡು, ಎರಡು, ನಾಲ್ಕು, ಎಂಟು. ದಾರಿ ತೆರೆದ ಮೇಲೂ ಒಮ್ಮೆಗೇ ನುಗ್ಗದೆ ಸ್ವಲ್ಪಸ್ವಲ್ಪವೇ ಕಳಿಸು. ಇಂದಿಗೂ ಅಂತರಜಾಲ ಉಸಿರಾಡುತ್ತಿರುವುದು ಈ ಸಂಯಮದಿಂದ. ಜಾಲಕ್ಕೆ ಯಜಮಾನನಿಲ್ಲ, ತುದಿಯಲ್ಲಿರುವ ಪ್ರತಿ ಯಂತ್ರವೂ ತಾನಾಗಿಯೇ ಹಿಂದೆ ಸರಿಯಬೇಕು.

ವಿದ್ಯಾರ್ಥಿಗಳೇ, ಒಂದು ಪ್ರಯೋಗ. ವಿಂಡೋಸ್ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಟ್ರೇಸರ್ಟ್' ಆದೇಶ ಕೊಟ್ಟು, ಮುಂದೆ ಯಾವುದಾದರೂ ಜಾಲತಾಣದ ಹೆಸರು ಬರೆಯಿರಿ. ನಡುವಿನ ರೂಟರುಗಳು ಒಂದೊಂದಾಗಿ ತೆರೆಯ ಮೇಲೆ ಬರುತ್ತವೆ. ಕೆಲವು ಉತ್ತರಿಸದೆ ಬರೇ ನಕ್ಷತ್ರ ತೋರಿಸುತ್ತವೆ. ದಾರಿ ಹುಡುಕುವ ಈ ಉಪಾಯದ ಮೂಲ ರೂಪ ಬರೆದವರೂ ಅದೇ ಜೇಕಬ್‌ಸನ್.

ಪೋಷಕರಿಗೂ ಒಂದು ಮಾತು. ಪರೀಕ್ಷೆಯ ಫಲಿತಾಂಶದ ದಿನ ಪುಟ ತೆರೆಯದಿದ್ದರೆ ಕ್ಷಣಕ್ಷಣಕ್ಕೂ ಗುಂಡಿ ಒತ್ತಬೇಡಿ. ಎರಡು ನಿಮಿಷ ಬಿಡಿ, ಆಮೇಲೆ ನಾಲ್ಕು ನಿಮಿಷ. ಸರದಿಯಲ್ಲಿ ಲಕ್ಷಾಂತರ ಮಕ್ಕಳಿದ್ದಾರೆ. ಕಾದರೆ ಅಂಕಗಳೇನೂ ಕಡಿಮೆಯಾಗುವುದಿಲ್ಲ!