ಕಟ್ಟೆ ಯಾರ ಅಳತೆಗೆ?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಅಡಿಗೆಮನೆಯ ರಿಪೇರಿ ಮಾಡಿಸಿ ನೋಡಿರಲಿಲ್ಲವೆಂದು ಕಾಣುತ್ತದೆ. ಮಾಡಿಸಿದ್ದರೆ ಗಾದೆಗೆ ಇನ್ನೊಂದು ಪಾದ ಸೇರುತ್ತಿತ್ತು. ನಾನು ಮಾಡಿಸಿ ನೋಡಿದ್ದೇನೆ. ಒಂದೂಮುಕ್ಕಾಲು ಲಕ್ಷ ರೂಪಾಯಿ ತೆತ್ತು ಕಲಿತ ಪಾಠವನ್ನು ನಾಲ್ಕು ಜನಕ್ಕೆ ಹೇಳುವ ಹಕ್ಕು ನನಗಿದೆಯೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಂಥ ಸಂಬಳದಾರರು ಇಂದು ಅಡಿಗೆಮನೆಗೆ ಸುರಿಯುವ ಹಣದಲ್ಲಿ ಹೆಚ್ಚಿನ ಪಾಲು ಅಡಿಗೆ ಮಾಡುವವರ ಸಲುವಾಗಿ ಅಲ್ಲ, ಬಾಗಿಲಲ್ಲಿ ನಿಂತು ಇಣುಕುವವರ ಸಲುವಾಗಿ. ಇದು ದುಂದು ಮಾತ್ರವಲ್ಲ, ಅನ್ಯಾಯ.

ಮೈಸೂರಿನ ನಮ್ಮ ಹಳೆಯ ಮನೆಯ ಅಡಿಗೆಕಟ್ಟೆಯನ್ನು ಕಟ್ಟಿಸಿದವರು ನಮ್ಮ ತಂದೆ. ಅಲ್ಲಿಯವರೆಗೆ ನೆಲದ ಮೇಲೆ ಒಲೆ, ಮಣೆಯ ಮೇಲೆ ಅಮ್ಮ. ಮನೆಗೆ ಗ್ಯಾಸು ಬಂದ ವರ್ಷ ಅವರು ಮೇಸ್ತ್ರಿಯನ್ನು ಕರೆಸಿ, ಅಮ್ಮನನ್ನು ಗೋಡೆಯ ಪಕ್ಕ ನಿಲ್ಲಿಸಿ, ನೆಲದಿಂದ ಅವಳ ಸೊಂಟದವರೆಗೆ ಒಂದು ದಾರ ಹಿಡಿದು, ಗಂಟು ಹಾಕಿ ಅವನ ಕೈಗೆ ಕೊಟ್ಟರಂತೆ. ಅಮ್ಮನ ಎತ್ತರ ನಾಲ್ಕಡಿ ಹತ್ತಂಗುಲ. ಕಟ್ಟೆ ಮೂವತ್ತೊಂದು ಅಂಗುಲಕ್ಕೆ ನಿಂತಿತು. ಅದರ ಮೇಲೆ ಕಡಪ ಕಲ್ಲು, ಕೆಳಗೆ ಕೆಂಪು ಗಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕಟ್ಟೆ ನಮಗೆ ಅನ್ನ ಹಾಕಿತು.

ಅದಕ್ಕೆ ದೋಷವಿರಲಿಲ್ಲವೆಂದಲ್ಲ. ನಲ್ಲಿಯ ಕೊಳವೆ ತುಕ್ಕು ಹಿಡಿದು ಗೋಡೆ ನೆನೆಯುತ್ತಿತ್ತು. ಒಗ್ಗರಣೆಯ ಹೊಗೆಗೆ ಹೋಗಲು ದಾರಿಯಿರಲಿಲ್ಲ. ಮಿಕ್ಸಿ, ಗ್ರೈಂಡರು ಎರಡಕ್ಕೂ ಒಂದೇ ಪ್ಲಗ್ಗು. ಈ ಮೂರನ್ನು ಸರಿಪಡಿಸಿದ್ದರೆ ಸಾಕಿತ್ತು. ನಾನು ಮಾಡಿದ್ದು ಬೇರೆ. ಅಂಗಡಿಯವನೊಬ್ಬ ಕಂಪ್ಯೂಟರಿನ ಪರದೆಯ ಮೇಲೆ ನಮ್ಮ ಅಡಿಗೆಮನೆಯ ಭವಿಷ್ಯವನ್ನು ಬಣ್ಣಬಣ್ಣವಾಗಿ ತೋರಿಸಿದ. ನಾನು ಮರುಳಾದೆ. ಆ ಚಿತ್ರದಲ್ಲಿ ಹೂದಾನಿಯಿತ್ತು, ಬಟ್ಟಲಲ್ಲಿ ಹಸಿರು ಸೇಬಿತ್ತು. ಅಡಿಗೆ ಮಾಡುವ ಮನುಷ್ಯಪ್ರಾಣಿ ಮಾತ್ರ ಇರಲಿಲ್ಲ.

ಕೊಳವೆ ಹಳೆಯದೇ ಉಳಿಯಿತು, ಏಕೆಂದರೆ ಅದು ಗೋಡೆಯೊಳಗಿದೆ, ಯಾರಿಗೂ ಕಾಣುವುದಿಲ್ಲ. ಹಣವೆಲ್ಲ ಕಾಣುವ ಬಾಗಿಲುಗಳಿಗೆ ಹೋಯಿತು. ಆ ಬಾಗಿಲುಗಳಾದರೂ ಮರದ ಹುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಎರಡನೆಯ ಮಳೆಗಾಲಕ್ಕೆ ಸಿಂಕಿನ ಕೆಳಗಿನದು ನೆನೆದ ಹಪ್ಪಳದಂತೆ ಉಬ್ಬಿತು. ಕೊಳವೆಯಿಲ್ಲದ ಚಿಮಣಿಯೊಂದನ್ನು ತೂಗುಹಾಕಿದರು. ಅದು ಹೊಗೆಯನ್ನು ಹೊರಗಟ್ಟುವುದಿಲ್ಲ, ಇದ್ದಿಲಿನಲ್ಲಿ ಸೋಸಿ ನಮಗೇ ಹಿಂದಿರುಗಿಸುತ್ತದೆ. ಗ್ಯಾಸಿನ ಸಿಲಿಂಡರನ್ನು ಗಾಳಿಯಾಡದ ಕಪಾಟಿನಲ್ಲಿ ಕೂಡಿಟ್ಟರು. ಅಡಿಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಮಡುಗಟ್ಟುತ್ತದೆ, ಆದ್ದರಿಂದ ಕಪಾಟಿಗೆ ಬುಡದಲ್ಲಿ ಕಿಂಡಿಗಳಿರಬೇಕು ಎಂಬ ವಿಚಾರ ಅವರಿಗೂ ಹೊಳೆಯಲಿಲ್ಲ, ಎಂ.ಎ. ಓದಿದ ನನಗೂ ಹೊಳೆಯಲಿಲ್ಲ.

ಇವೆಲ್ಲ ಹಣದ ನಷ್ಟ. ನಿಜವಾದ ನಷ್ಟ ಬೇರೆ. ಹೊಸ ಕಟ್ಟೆಯ ಎತ್ತರ ಮೂವತ್ತಾರು ಅಂಗುಲ, ಅಂದರೆ ಅಮ್ಮನ ಮೊಣಕೈಯ ಮಟ್ಟ. ಅದರ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ. ಸಾರು ತಿರುವಲು ಅವಳು ಭುಜದ ಮಟ್ಟಕ್ಕೆ ಕೈಯೆತ್ತಬೇಕು, ಕುದಿಯುವುದನ್ನು ಇಣುಕಲು ತುದಿಗಾಲಲ್ಲಿ ನಿಲ್ಲಬೇಕು. ಮೊದಲು ಒಂದು ಹೊತ್ತಿನ ಅಡಿಗೆ ಬಿಟ್ಟಳು. ಆಮೇಲೆ ಎರಡೂ ಹೊತ್ತು. ವಯಸ್ಸಾಯಿತಲ್ಲ, ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ನಾವು ದೊಡ್ಡ ಮನಸ್ಸಿನಿಂದ ಮಾತಾಡಿಕೊಂಡೆವು. ಒಂದು ದಿನ ಹಜಾರದಲ್ಲಿ ಸುಮ್ಮನೆ ಕೂತಿದ್ದವಳನ್ನು ಕೇಳಿದೆ. “ನಿನ್ನ ಅಡಿಗೆಮನೇಲಿ ನಂಗೆ ಕೈ ಎಟುಕೋಲ್ಲ ಕಣೋ” ಎಂದಳು. ‘ನಿನ್ನ ಅಡಿಗೆಮನೆ’ ಎಂಬ ಮಾತು ನನ್ನನ್ನು ಇರಿಯಿತು. ಮಾಡಿಸುವಾಗ ನಾನು ಅವಳನ್ನೂ ಕೇಳಿರಲಿಲ್ಲ, ಬ್ಯಾಂಕಿನಿಂದ ದಣಿದು ಬಂದು ಅದೇ ಕಟ್ಟೆಯ ಮುಂದೆ ನಿಲ್ಲುವ ನನ್ನ ಹೆಂಡತಿಯನ್ನೂ ಕೇಳಿರಲಿಲ್ಲ. ಬಾಗಿಲಿನ ಬಣ್ಣ ಯಾವುದಿರಲಿ ಎಂದು ಕೇಳಿದ್ದೆ, ಅಷ್ಟೆ.

ಇದು ಆಧುನಿಕತೆಯ ತಪ್ಪಲ್ಲ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಅಗ್ಗದ ಮನೆಗಳಿಗಾಗಿ ಮಾರ್ಗರೇಟ್ ಶುಟ್ಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯದ ಮಹಿಳೆ ಒಂದು ಅಡಿಗೆಮನೆಯನ್ನು ರೂಪಿಸಿದಳು. ಎರಡು ಮೀಟರಿಗೂ ಕಡಮೆ ಅಗಲ, ಮೂರೂವರೆ ಮೀಟರಿನೊಳಗೆ ಉದ್ದ. ಅಂಥವು ಸುಮಾರು 10,000 ಕಟ್ಟಲ್ಪಟ್ಟವು. ಇಂದಿನ ಮಾಡ್ಯುಲರ್ ಅಡಿಗೆಮನೆಯ ಅಜ್ಜಿ ಅದೇ. ತನಗೆ ಅಡಿಗೆ ಮಾಡಿ ಅಭ್ಯಾಸವೇ ಇರಲಿಲ್ಲವೆಂದು ಆಕೆ ಮುಂದೆ ಒಪ್ಪಿಕೊಂಡಳು. ಆದರೆ ಆಕೆ ಕೆಲಸ ಮಾಡುವವರ ಹೆಜ್ಜೆಗಳನ್ನು ಲೆಕ್ಕಹಾಕಿದಳು, ಗಡಿಯಾರ ಹಿಡಿದು ಸಮಯ ಅಳೆದಳು, ಕಿಟಕಿಯ ಬೆಳಕಿನಲ್ಲಿ ಕೂತು ತರಕಾರಿ ಹೆಚ್ಚಲು ಮೇಜನ್ನೂ ತಿರುಗುವ ಸ್ಟೂಲನ್ನೂ ಇಟ್ಟಳು. ನಾವು ಆ ಸಾಲುಕಪಾಟುಗಳನ್ನು ತಂದುಕೊಂಡೆವು. ಕಿಟಕಿ, ಸ್ಟೂಲು, ಅಳತೆ ಮೂರನ್ನೂ ಅಲ್ಲೇ ಬಿಟ್ಟೆವು.

‘ಹಾಗಾದರೆ ಅಂದ ಬೇಡವೆ?’ ಎಂದು ಮಿತ್ರರು ಕೇಳುತ್ತಾರೆ. ಬೇಕು, ಆದರೆ ಸರದಿಯಲ್ಲಿ ಕೊನೆಗೆ. ಕೈಯಲ್ಲಿರುವುದು ಎಷ್ಟೇ ಇರಲಿ, ಮೊದಲ ಹಣ ಗೋಡೆಯೊಳಗಿನ ಕೊಳವೆಗೆ, ಚರಂಡಿಗೆ, ಮಣ್ಣುಸಂಪರ್ಕವಿರುವ ವಿದ್ಯುತ್ ತಂತಿಗೆ. ಎರಡನೆಯದು ಗಾಳಿ ಬೆಳಕಿಗೆ. ಗೋಡೆಯಲ್ಲಿ ತೂತು ಕೊರೆದು ಕೂರಿಸಿದ ಸಾಮಾನ್ಯ ಫ್ಯಾನು ಕೊಳವೆಯಿಲ್ಲದ ಚಿಮಣಿಗಿಂತ ಮೇಲು. ಮೂರನೆಯದು ಕಟ್ಟೆಗೆ: ಅಡಿಗೆ ಮಾಡುವವರ ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗೆ, ಒಲೆಯಿಡುವ ಜಾಗ ಸಾಧ್ಯವಾದರೆ ಇನ್ನೂ ತಗ್ಗು. ಹಲಗೆ ಬೇಕೇಬೇಕೆಂದರೆ ಸಿಂಕಿನ ಬಳಿಯಲ್ಲಾದರೂ ಐ.ಎಸ್. 710 ಗುರುತಿನ, ನೀರು ತಡೆಯುವ ಪ್ಲೈವುಡ್ ಇರಲಿ. ಹಳೆಯ ಕಡಪ ಕಲ್ಲನ್ನು ಒಡೆಯಬೇಡಿ. ಉಜ್ಜಿ ತೊಳೆದರೆ ಇನ್ನೊಂದು ತಲೆಮಾರಿಗೆ ಬರುತ್ತದೆ. ಬಣ್ಣದ ಬಾಗಿಲು ಮುಂದಿನ ವರ್ಷದ ಬೋನಸ್ಸಿಗೆ ಕಾಯಲಿ.

‘ಹೆಂಗಸರನ್ನು ಮತ್ತೆ ಒಲೆಯ ಮುಂದೆ ನಿಲ್ಲಿಸುವ ಹುನ್ನಾರವಿದು’ ಎಂದು ನನ್ನ ಕಾಲೇಜಿನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಅಲ್ಲ. ಯಾರು ಅಡಿಗೆ ಮಾಡುತ್ತಾರೋ ಅವರ ಅಳತೆ ಎಂದಷ್ಟೇ ನನ್ನ ಮಾತು. ಗಂಡಸರು ಮಾಡುವುದಾದರೆ ಗಂಡಸರನ್ನೇ ಅಳೆಯಿರಿ, ಸಂತೋಷ. ಬೆಳಗ್ಗೆ ಒಂದು ದೋಸೆ ಹುಯ್ಯದ ಗಂಡಸು ಕಟ್ಟೆಯ ಎತ್ತರವನ್ನು ತೀರ್ಮಾನಿಸುವುದಕ್ಕೆ ಮಾತ್ರ ನನ್ನ ವಿರೋಧ. ಆ ಗಂಡಸು ನಾನೇ ಆಗಿದ್ದೆನೆಂಬುದನ್ನು ಮುಚ್ಚಿಡುವುದಿಲ್ಲ.

ಕಳೆದ ಬೇಸಗೆಯಲ್ಲಿ ಮೇಸ್ತ್ರಿಯನ್ನು ಕರೆಸಿ, ಮೂರೂವರೆ ಅಡಿ ಗ್ರಾನೈಟು ತೆಗೆಸಿ, ಅಷ್ಟು ಭಾಗದ ಕಟ್ಟೆಯನ್ನು ಮೂವತ್ತೊಂದು ಅಂಗುಲಕ್ಕೆ ಇಳಿಸಿದೆ. ಒಲೆ ಅಲ್ಲಿಗೆ ಬಂತು. ಉಳಿದ ಎತ್ತರದ ಭಾಗದಲ್ಲಿ ನಾನು ತರಕಾರಿ ಹೆಚ್ಚುತ್ತೇನೆ. ನೋಡಿದವರು ‘ಇದೇನು, ಮೆಟ್ಟಲು ಕಟ್ಟಿಸಿದ್ದೀರಿ?’ ಎಂದು ನಗುತ್ತಾರೆ. ನಗಲಿ. ಮೊದಲ ದಿನ ಅಮ್ಮ ಒಳಗೆ ಬಂದು, ಕಟ್ಟೆಯ ಮೇಲೆ ಅಂಗೈಯೂರಿ ಒಂದು ಕ್ಷಣ ನಿಂತು, ಹುಣಿಸೇಹಣ್ಣು ಎಲ್ಲಿಟ್ಟಿದ್ದೀರಿ ಎಂದು ಕೇಳಿದಳು.

ಅಡಿಗೆಮನೆ ಮಾಡಿಸಬೇಕೆಂದಿರುವವರಿಗೆ ನನ್ನ ವಿನಂತಿ ಇಷ್ಟೆ: ಅಂಗಡಿಗೆ ಹೋಗುವ ಮುನ್ನ ಒಂದು ದಾರ ತೆಗೆದುಕೊಂಡು ಮನೆಯೊಳಗೆ ಹೋಗಿ.